ಝುಬೈರ್ ಭಾಯ್ ಬಿಡದ ಯುರೋಪ್
ಬ್ರಿಟನ್ ಯುರೋಪ್ ಒಕ್ಕೂಟವನ್ನು ಬಿಟ್ಟು ವರ್ಷಗಳೇ ಕಳೆದವು. ಕತಾರಿನ ಮದೀನತ್ ಖಲೀಫಾ ಬಡಾವಣೆಯ ಝುಬೈರ್ ಭಾಯ್ ಮಾತ್ರ ಅದನ್ನು ಇನ್ನೂ ಬಿಟ್ಟಿಲ್ಲ. ಮೆಸಯೀದಿನ ಕಾರ್ಖಾನೆಯಲ್ಲಿ ಇಂಗ್ಲಿಷ್ ಮ್ಯಾನೇಜರುಗಳ ಕೈಕೆಳಗೆ ದುಡಿದು ತಲೆ ನರೆತ ಈ ಬಂಟ್ವಾಳದ ಮನುಷ್ಯನಿಗೆ ಲಂಡನ್ನಿನ ಪಕ್ಷಗಳೆಲ್ಲ ನೆರೆಮನೆಯ ದಾಯಾದಿಗಳಿದ್ದ ಹಾಗೆ. ಕಂಪನಿ ಬಸ್ಸು ಹತ್ತಿದರೆ ಕನ್ಸರ್ವೇಟಿವರಿಗೆ ಬೈಗುಳ, ಕರಕ್ ಚಹಾ ಕೈಗೆ ಬಂದರೆ ಲೇಬರಿನವರಿಗೆ. “ಪುನಃ ಸೇರ್ತೇವೆ ಅಂತ ಬಾಯಿಬಿಟ್ಟು ಹೇಳ್ಲಿಕ್ಕೆ ಇವರಿಗೆ ಧೈರ್ಯ ಇಲ್ಲ ಮಾರಾಯ್ರೆ!” ಎಂದು ಅವರು ಮೇಜು ಕುಟ್ಟಿದರೆ ಪಕ್ಕದವರ ಚಹಾ ತುಳುಕುತ್ತದೆ. ಒಕ್ಕೂಟ ಬಿಡಬೇಕೇ ಎಂಬ ಜನಮತಗಣನೆಯ ದಿನ ಮತ ಹಾಕದೆ ಮನೆಯಲ್ಲೇ ಕೂತ ಇಂಗ್ಲಿಷರನ್ನು ಕಂಡರಂತೂ ಅವರಿಗೆ ಮೈಯೆಲ್ಲ ಉರಿ. “ಇರ್ತೀರಾ, ಹೋಗ್ತೀರಾ ಅಂತ ಮರ್ಯಾದೆಯಲ್ಲಿ ಕೇಳಿದ್ರಲ್ಲ! ಕೇಳುವವರು ಇದ್ದಾಗ ಇವರಿಗೆ ಬಾಯಿ ಇಲ್ಲ.” ಒಮ್ಮೆ ಅವರ ಫ್ಲ್ಯಾಟಿಗೆ ಊಟಕ್ಕೆ ಹೋದ ಸಹೋದ್ಯೋಗಿ ಹಾಲಸಿದ್ದಪ್ಪನ ಕಣ್ಣು ಟಿವಿಯ ಮೇಲೆ ಬಿತ್ತು. ಬ್ರಿಟಿಷ್ ಸಂಸತ್ತಿನ ಕಿರುಚಾಟ ಕೇಳಿಸುತ್ತಿದ್ದ ಅಷ್ಟು ದೊಡ್ಡ ಟಿವಿ, ಅಂಗಡಿಯಿಂದ ತಾನು ಬಂದ ರಟ್ಟಿನ ಪೆಟ್ಟಿಗೆಯ ಮೇಲೆಯೇ ಕೂತಿತ್ತು. “ಭಾಯ್, ಇದಕ್ಕೊಂದು ಟೇಬಲ್ ತಗೋಬಾರದೇನ್ರಿ? ಮಕ್ಕಳು ಹುಟ್ಟಿ ಬೆಳೆದದ್ದೆಲ್ಲ ಇದೇ ಮನ್ಯಾಗ ಅಲ್ಲೇನು?” ಎಂದ ಹಾಲಸಿದ್ದಪ್ಪ. ಮೇಜು ಕುಟ್ಟುವ ಆ ದನಿ ಅಂದು ಏಳಲೇ ಇಲ್ಲ. “ಹೌದು,” ಎಂದರು ಝುಬೈರ್ ಭಾಯ್, ಪೆಟ್ಟಿಗೆಯ ಮೂಲೆಯನ್ನು ಒತ್ತಿ ಸರಿಮಾಡುತ್ತ. “ಆದ್ರೆ ಕಂಪನಿ ‘ಖಲಾಸ್, ಊರಿಗೆ ನಡಿ’ ಅಂದ ದಿನ ಟಿವಿ ತುಂಬಿಸ್ಲಿಕ್ಕೆ ಪೆಟ್ಟಿಗೆ ಬೇಡ್ವಾ? ನಮ್ಮನ್ನೇನು ಕೇಳಿ ಕಳಿಸ್ತಾರಾ?”