ಗಾಳಿ ಇಳಿಸುತ್ತಿದ್ದ ಡ್ರೈವರು

ನಮ್ಮ ಕಂಪನಿಯ ಡ್ರೈವರ ಬಲಗೈ ಹೆಬ್ಬೆರಳು, ತೋರುಬೆರಳು ಯಾವಾಗಲೂ ಒಂದಕ್ಕೊಂದು ಉಜ್ಜಿಕೊಳ್ಳುತ್ತಲೇ ಇರುತ್ತಿದ್ದವು. ಆ ಎರಡು ಬೆರಳ ತುದಿಗಳು ನುಣ್ಣಗೆ ಸವೆದು ಹೊಳೆಯುತ್ತಿದ್ದವು. ಎಂಜಿನ್ ಆಯಿಲ್ ಇರಲಿ, ಗ್ರೀಸ್ ಇರಲಿ, ಹೋಟೆಲಿನವನು ಎಲೆಗೆ ಬಡಿಸಿದ ಉಪ್ಪೇ ಇರಲಿ, ಅವರು ಒಂದು ಚಿಟಿಕೆ ತೆಗೆದು ಉಜ್ಜಿ ನೋಡಿ ಆಮೇಲೆ ಮೂಸಿ ನೋಡುತ್ತಿದ್ದರು. ಪೆಟ್ರೋಲ್ ಬಂಕಿನವರನ್ನಂತೂ ನಂಬುತ್ತಲೇ ಇರಲಿಲ್ಲ. ಪೆಟ್ರೋಲನ್ನು ಹಳೇ ಪಂಚೆಯ ತುಂಡಿನಲ್ಲಿ ಸೋಸದೆ ಟ್ಯಾಂಕಿಗೆ ಬಿಟ್ಟದ್ದನ್ನು ನಾನು ನೋಡಿಲ್ಲ. "ನೀರು ಬೆರೆಸದೇ ಇರೋನು ಇನ್ನೂ ಹುಟ್ಟಿಲ್ಲ ಸಾಮಿ" ಅನ್ನುತ್ತಿದ್ದರು. ಕೋಲಾರದ ಕಡೆಯವರು. ಮದರಾಸಿಗೆ ಬಂದು ಇಪ್ಪತ್ತು ವರ್ಷವಾಗಿದ್ದರೂ ನನ್ನೊಡನೆ ಊರಿನ ಕನ್ನಡವನ್ನೇ ಆಡುತ್ತಿದ್ದರು.

ನಮ್ಮದು ಉಪ್ಪಿನ ಕಂಪನಿ. ಎಣ್ಣೂರಿನಾಚೆಯ ಉಪ್ಪಿನ ಪಾತಿಗಳಿಂದ ಮಾದರಿ ತರುವುದಕ್ಕೆ ಒಂದು ಪಿಕಪ್ ಟ್ರಕ್ ಇತ್ತು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದು, ನಾಲ್ಕು ಗಾಲಿಗಳಿಗೂ ಎಂಜಿನ್ನಿನ ಎಳೆತ ಸಿಗುವ ಗಾಡಿ. ಬೆಳಿಗ್ಗೆ ಬಂದರಿನ ಕೆಲಸ, ವಾರಕ್ಕೆರಡು ಸಲ ಕಡಲಂಚಿನ ಮರಳಿನಲ್ಲಿ ಸವಾರಿ. ಉಪ್ಪಿನ ನೀರು ಕಬ್ಬಿಣವನ್ನು ತಿನ್ನುತ್ತದೆಂದು ಡ್ರೈವರು ಬಂದ ಕೂಡಲೇ ಗಾಡಿಯ ಹೊಟ್ಟೆಯ ಕೆಳಗೆ ಮಲಗಿ ಸಿಹಿನೀರಲ್ಲಿ ತೊಳೆದು, ಸ್ಪ್ರಿಂಗ್ ಪಟ್ಟಿಗಳಿಗೆ ಹಳೇ ಆಯಿಲ್ ಸವರುತ್ತಿದ್ದರು. ಹಿಂದುಗಡೆ ಎರಡು ದಪ್ಪ ಹಲಗೆ, ಗೋಣಿಚೀಲಗಳು, ಸಲಿಕೆ, ತೆಂಗಿನ ನಾರಿನ ಹಗ್ಗ, ಕೈಪಂಪು, ಇಷ್ಟು ಸಂಸಾರ ಯಾವಾಗಲೂ ತುಂಬಿರುತ್ತಿತ್ತು.

ನನ್ನ ಅಕ್ಷರ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಮ್ಯಾನೇಜರು ನನ್ನನ್ನು ಗಾಡಿಯ ಮೇಲ್ವಿಚಾರಣೆಗೆ ಹಾಕಿದರು. "ಡ್ರೈವರುಗಳ ಮೇಲೆ ಒಂದು ಕಣ್ಣಿರಲಿ" ಎಂದರು. ನನಗೆ ಅದನ್ನು ಹೇಳಿಕೊಡಬೇಕಾಗಿರಲಿಲ್ಲ. ಬೀಗ ಹಾಕಿ ಮೂರು ಸಲ ಎಳೆದು ನೋಡದೆ ನಮ್ಮ ತಂದೆ ತಿರುವಲ್ಲಿಕ್ಕೇಣಿಯ ಮನೆಯಿಂದ ಹೊರಟದ್ದೇ ಇಲ್ಲ. ಅನುಮಾನ ನಮ್ಮ ಮನೆತನದ ಆಸ್ತಿ. ಸ್ಟೀರಿಂಗನ್ನು ಒಮ್ಮೆಯೂ ಮುಟ್ಟದ ನಾನು ಡ್ರೈವರ ಹಿಂದೆ ಬಿದ್ದೆ.

ಒಂದು ದಿನ ಜೊತೆಯಲ್ಲೇ ಹೋದೆ. ತಿರುವೊಟ್ಟಿಯೂರು ದಾಟಿ, ಎಣ್ಣೂರಿನಾಚೆ ಸರ್ವೆ ತೋಪು ಮುಗಿದು ಮರಳು ಶುರುವಾಗುವಲ್ಲಿ ಅವರು ಗಾಡಿ ನಿಲ್ಲಿಸಿದರು. ಇಳಿದು, ಚೆನ್ನಾಗಿದ್ದ ನಾಲ್ಕು ಟೈರುಗಳ ಗಾಳಿಯನ್ನೂ ಒಂದೊಂದಾಗಿ ಅರ್ಧಕ್ಕೆ ಇಳಿಸಿದರು. ವಾಪಸು ಬರುವಾಗ ಅದೇ ಜಾಗದಲ್ಲಿ ಬೆವರು ಸುರಿಸಿಕೊಂಡು ಕೈಪಂಪಿನಲ್ಲಿ ಮತ್ತೆ ತುಂಬಿಸಿದರು. ಕೇಳಿದ್ದಕ್ಕೆ, "ಮರಳಿಗೆ ಮೆತ್ತಗಿರೋ ಗಾಲಿ ಬೇಕು ಸಾಮಿ. ಗಟ್ಟಿ ಇದ್ರೆ ಹೂತ್ಕೊಳ್ತದೆ" ಎಂದರು. ಒಳ್ಳೆ ಕತೆ ಕಟ್ಟುತ್ತಾನೆ ಅಂದುಕೊಂಡೆ. ಗಾಳಿ ಕಡಿಮೆಯಿದ್ದರೆ ಟೈರಿನ ಅಂಚು ಬೇಗ ಸವೆಯುತ್ತದೆ ಎಂದು ಯಾರೋ ಹೇಳಿದ್ದು ನನ್ನ ತಲೆಯಲ್ಲಿತ್ತು. ಬೇಗ ಸವೆದರೆ ಕಂಪನಿ ಹೊಸದು ಕೊಡಿಸಬೇಕು. ಹಳೆಯದು ಪುದುಪೇಟೆಯ ಹಳೇ ಸಾಮಾನಿನ ಅಂಗಡಿ ಸೇರುತ್ತದೆ, ದುಡ್ಡು ಇವನ ಜೇಬು. ಕಳ್ಳ ಸಿಕ್ಕಿಬಿದ್ದ ಎಂದು ನನಗೆ ರೋಮಾಂಚನವೇ ಆಯಿತು.

ಮಾರನೆಯ ವಾರ ಆರ್ಡರ್ ಮಾಡಿದೆ: ಇನ್ನು ಮೇಲೆ ಟೈರಿನ ಗಾಳಿ ಮುಟ್ಟಕೂಡದು, ಹಲಗೆ, ಗೋಣಿ, ಪಂಪು ಎಲ್ಲ ಗೋಡೌನಿನಲ್ಲಿರಬೇಕು. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಬರೆದು ಕೊಡಿ ಸಾಮಿ" ಎಂದರು.

"ಯಾಕ್ರೀ? ನನ್ನ ಮಾತಿನ ಮೇಲೆ ನಂಬಿಕೆ ಇಲ್ವೇನ್ರೀ?"

"ಇಲ್ಲ ಸಾಮಿ" ಎಂದರು, ತೀರಾ ಶಾಂತವಾಗಿ. "ನಾಳೆ ಏನಾದ್ರೂ ಆದ್ರೆ ನನ್ನ ತಲೆಗೆ ಬರ್ತದೆ. ಈ ವಯಸ್ನಲ್ಲಿ ಕೆಟ್ಟ ಹೆಸ್ರು ಹೊತ್ಕೊಂಡ್ ಹೋದ್ರೆ ಯಾವ ಕಂಪ್ನಿಯೋನು ಗಾಡಿ ಕೊಡ್ತಾನೆ? ಮನೇಲಿ ಮೂರು ಮಕ್ಕಳು ಓದ್ತಾವೆ."

ಬರೆದು ಸಹಿ ಹಾಕಿಕೊಟ್ಟೆ. ಅವರು ಚೀಟಿಯನ್ನು ಎರಡು ಸಲ ಓದಿ, ಕಾಗದವನ್ನೂ ಬೆರಳಲ್ಲಿ ಉಜ್ಜಿ ನೋಡಿ, ಮಡಿಸಿ ಶರಟಿನ ಜೇಬಿಗಿಟ್ಟುಕೊಂಡರು. ನಾನೂ ಗಾಡಿ ಹತ್ತಿದೆ. ಆರ್ಡರ್ ಪಾಲನೆಯಾಗುತ್ತದೋ ಇಲ್ಲವೋ ನೋಡಬೇಕಲ್ಲ.

ಪಾಲನೆಯಾಯಿತು. ಅಳಿವೆಯ ಹತ್ತಿರ ಒದ್ದೆ ಮರಳಿನಲ್ಲಿ ಹಿಂದಿನ ಗಾಲಿಗಳು ಅಚ್ಚಿನವರೆಗೆ ಹೂತವು. ಗಾಳಿ ಇಳಿಸೋಣವೆಂದರೆ ಹೊತ್ತು ಮೀರಿತ್ತು, ಗಾಲಿಗೆ ಕೊಡುವುದಕ್ಕೆ ಹಲಗೆಯಿಲ್ಲ, ಗೋಣಿಯಿಲ್ಲ. ಅಷ್ಟರಲ್ಲಿ ಉಬ್ಬರ ಏರತೊಡಗಿತು. ಡ್ರೈವರು ನೀರು ಎದೆಮಟ್ಟಕ್ಕೆ ಬರುವವರೆಗೂ ಭುಜ ಕೊಟ್ಟು ತಳ್ಳಿದರು. ನಾನು ಹತ್ತಿರದ ಬೆಸ್ತರ ಹಟ್ಟಿಗೆ, ಕುಪ್ಪಕ್ಕೆ, ಓಡಿ ಮೀನುಗಾರರನ್ನು ಕರೆತರುವ ಹೊತ್ತಿಗೆ ಎಂಜಿನ್ನಿಗೆ ಸಮುದ್ರ ನುಗ್ಗಿತ್ತು. ಹತ್ತು ಮಂದಿ ದೋಣಿಯ ಹಗ್ಗ ಕಟ್ಟಿ ಎಳೆದರು. ದಡಕ್ಕೆ ಬಂದ ಮೇಲೆ ಅವರು ಬಾನೆಟ್ ಎತ್ತಿ ಒಳಗಿನ ನೀರನ್ನು ಬೆರಳಲ್ಲಿ ಉಜ್ಜಿ ನೋಡಿದರು. ನನ್ನನ್ನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮರುದಿನ ಬೆಳಿಗ್ಗೆ ಮ್ಯಾನೇಜರು ಇಬ್ಬರನ್ನೂ ನಿಲ್ಲಿಸಿಕೊಂಡರು. "ಇದು ಯಾರ್ ವೇಲೈ?" ಇದು ಯಾರ ಕೆಲಸ ಎಂದು ತಮಿಳಿನಲ್ಲಿ ಗುಡುಗಿದರು. ಆಮೇಲೆ ಡ್ರೈವರ ಕಡೆ ತಿರುಗಿ, ಮರಳಿಗಿಳಿಯುವ ಮುಂಚೆ ಗಾಳಿ ಇಳಿಸಬೇಕೆಂಬುದು ಇಷ್ಟು ವರ್ಷವಾದರೂ ಗೊತ್ತಿಲ್ಲವೇ, ಇವತ್ತೇ ಮನೆಗೆ ಹೋಗು ಎಂದರು. ಡ್ರೈವರು ಹೇಳಿದ್ದ ಆ ಮೆತ್ತನೆ ಗಾಲಿಯ ಕತೆ ನಿಜವಾಗಿತ್ತು. ಬಾಯಿ ಮುಚ್ಚಿಕೊಂಡಿರೋಣ ಎಂದುಕೊಂಡೆ. ಹೌದು, ಅದನ್ನೇ ಅಂದುಕೊಂಡೆ. ಆಗ ಡ್ರೈವರ ಕೈ ನಿಧಾನವಾಗಿ ಶರಟಿನ ಜೇಬಿನ ಕಡೆ ಹೋಯಿತು.

ಚೀಟಿ ಹೊರಬಂದರೆ ಸುಳ್ಳುಗಾರನೂ ಆಗುತ್ತೇನಲ್ಲ! "ಅವರದ್ದಲ್ಲ ಸಾರ್, ನಾನೇ ಆರ್ಡರ್ ಮಾಡಿದ್ದು" ಎಂದುಬಿಟ್ಟೆ.

ಮ್ಯಾನೇಜರು ನನ್ನನ್ನು ಹಿಗ್ಗಾಮುಗ್ಗಾ ಬೈದು ಹಳೇ ಕಡತಗಳ ಕೋಣೆಗೆ ಅಟ್ಟಿದರು. ಡ್ರೈವರ ಕೆಲಸ ಉಳಿಯಿತು. ಹೊರಗೆ ಬಂದ ಮೇಲೆ ಅವರು ಅದೇ ಜೇಬಿನಿಂದ ನಶ್ಯದ ಡಬ್ಬಿ ತೆಗೆದರು.

"ಚೀಟಿ ಎಲ್ರೀ?" ಎಂದೆ.

"ನಿನ್ನೆ ನೀರಲ್ಲೇ ಕರಗಿ ಗಂಜಿಯಾಗೋಯ್ತು ಸಾಮಿ. ನನ್ನ ಕೈಲಿ ಏನೂ ಇರ್ಲಿಲ್ಲ. ನೀವು ಇಲ್ಲ ಅಂದಿದ್ರೆ ಮುಗೀತಿತ್ತು." ಒಂದು ಚಿಟಿಕೆ ನಶ್ಯ ತೆಗೆದು ಬೆರಳಲ್ಲಿ ಉಜ್ಜಿದರು. "ಎಷ್ಟೋ ಆಫೀಸರ್‌ಗಳನ್ನ ನೋಡಿದೀನಿ. ಹಿಂಗೆ ಯಾರೂ ಹೇಳಿಲ್ಲ."

ಆ ಚೀಟಿಗೆ ಹೆದರಿಯೇ ಒಪ್ಪಿಕೊಂಡೆನೆಂದು ಆಗಲೇ ಹೇಳಬೇಕಾಗಿತ್ತು. ಹೇಳಲಿಲ್ಲ.

ಅಲ್ಲಿಂದ ಮುಂದೆ ಅವರು ನನ್ನ ಮೇಲಿಟ್ಟ ನಂಬಿಕೆ ನನಗೆ ಶಿಕ್ಷೆಯಾಯಿತು. ಮ್ಯಾನೇಜರ ಭಾವಮೈದುನನಿಗೂ ಮುಟ್ಟಲು ಬಿಡದ ಗಾಡಿ ರಿಪೇರಿಯಾಗಿ ಬಂದ ಮೇಲೆ, ಕೆಲಸ ಮುಗಿದ ಸಂಜೆಗಳಲ್ಲಿ ಅದರಲ್ಲೇ ನನಗೆ ಡ್ರೈವಿಂಗ್ ಕಲಿಸಿದರು. ಗ್ರೀಸ್ ಎಲ್ಲಿ ಎಷ್ಟು, ಫ್ಯಾನ್ ಬೆಲ್ಟ್ ಎಷ್ಟು ಬಿಗಿ, ಮೆತ್ತನೆ ನೆಲದಲ್ಲಿ ಜಾಕಿಯ ಕೆಳಗೆ ಹಲಗೆ ಯಾಕೆ, ಎಲ್ಲ ಹೇಳಿಕೊಟ್ಟರು. ಬಂಕಿನವನು ಗಾಳಿ ತುಂಬಿದರೆ ತಮ್ಮ ಮೀಟರಿನಲ್ಲಿ ಮತ್ತೆ ಅಳೆಯುವವರು, ನಾನು "ಸರಿಯಾಗಿದೆ" ಎಂದರೆ ಟೈರಿನ ಕಡೆ ನೋಡದೆ ಹತ್ತಿ ಕೂರುತ್ತಿದ್ದರು. ನಾನು ಮಾತ್ರ ಅವರನ್ನು ಅನುಮಾನಿಸುವುದನ್ನು ಬಿಡಲಿಲ್ಲ. ಇವರಿಗೆ ಎಲ್ಲ ಗೊತ್ತಿದೆಯೋ, ಗೊತ್ತಿದ್ದೂ ಆಟ ಆಡಿಸುತ್ತಿದ್ದಾರೋ ಎಂದು ಅವರ ಮುಖವನ್ನು ಕದ್ದು ನೋಡುತ್ತಿದ್ದೆ. ಆ ಮುಖದಲ್ಲಿ ಏನೂ ಇರುತ್ತಿರಲಿಲ್ಲ.

ಐದಾರು ವರ್ಷದ ಮೇಲೆ, ಒಂದು ಬೇಸಿಗೆಯಲ್ಲಿ, ಅವರು ತೀರಿಕೊಂಡರು. ಕಾಸಿಮೇಡಿನ ಹತ್ತಿರದ ಅವರ ಮನೆಗೆ ಹೋದೆ. ಅವರ ಹೆಂಡತಿ ನನ್ನನ್ನು ನೋಡಿ ಎದ್ದು ನಿಂತರು. "ಕಟ್ಕೊಂಡ ನನ್ನನ್ನೂ ನಂಬ್ತಿರ್ಲಿಲ್ಲ ಸಾಮಿ. ಈ ಊರಲ್ಲಿ ನಂಬೋ ಮನುಷ್ಯ ಅಂದ್ರೆ ನೀವೊಬ್ರೇ ಅಂತಿದ್ರು" ಎಂದು, ಮಕ್ಕಳ ಕಡೆ ತಿರುಗಿ "ಇವರೇ ನೋಡ್ರೋ" ಎಂದರು.

ಇವತ್ತಾದರೂ ಹೇಳಿಬಿಡೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಮೂವರು ಮಕ್ಕಳೂ ನನ್ನ ಕಾಲಿಗೆ ಬಿದ್ದರು. ನಾನು ಬಗ್ಗಿ, ಒಬ್ಬೊಬ್ಬರ ತಲೆಯ ಮೇಲೂ ಕೈಯಿಟ್ಟು ಆಶೀರ್ವಾದ ಮಾಡಿ ಬಂದೆ.