ರಾಂಗ್ ನಂಬರಿನ ಮುದುಕಿ

ಹುಲಿಗಿ, ಆ ರಾಂಗ್ ನಂಬರಿನ ಮುದುಕಿ ನಾನೇ.

ಇಷ್ಟು ವರ್ಷ ನೀನು ಸೊಂಟದ ಮೇಲೆ ಕೈಯಿಟ್ಟು, ಬೊಚ್ಚುಬಾಯಿ ಮಾಡಿ, ಯಾರ ಧ್ವನಿ ಅಣಕಿಸಿ ಗೆಳತಿಯರನ್ನು ನಗಿಸುತ್ತಿದ್ದೀಯೋ — ಅವಳು ಗೊರೇಬಾಳದವಳಲ್ಲ. ನಿನ್ನದೇ ಮನೆಯ ಕಟ್ಟೆಯ ಮೇಲೆ ಕೂತು ನಿನ್ನ ಜೊತೆಗೇ ನಕ್ಕವಳು. ನಿನ್ನ ಅಪ್ಪನನ್ನು ಹೆತ್ತವಳು. ಫೋನು ಸರಿಯಾದ ಮನೆಗೇ ಬಂದಿತ್ತು. ಎತ್ತಿದ್ದು ನಾನು, ಬಯ್ದದ್ದು ನಾನು, ಆಮೇಲೆ ಬಚ್ಚಿಟ್ಟದ್ದೂ ನಾನು.

ಅಣಕ ನೀನು ಚೆನ್ನಾಗಿಯೇ ಮಾಡುತ್ತೀ, ಅದನ್ನು ಒಪ್ಪುತ್ತೇನೆ. ಆದರೆ ಆವಾಗ ನನಗೆ ಮುಂದಿನ ನಾಲ್ಕು ಹಲ್ಲು ಇದ್ದವು.

ಇದನ್ನು ನಾನೇ ಬರೆಯುತ್ತಿದ್ದೇನೆ, ದಿನಕ್ಕೆ ಅರ್ಧ ಹಾಳೆ. ಒತ್ತು ತಪ್ಪಿದ್ದರೆ ನೀನೇ ತಿದ್ದಿಕೋ. ನಿನಗೆ ಗೊತ್ತಿರುವುದನ್ನೂ ಬಿಡದೆ ಬರೆಯುತ್ತೇನೆ. ನಿನ್ನ ತಂಡದ ಹುಡುಗಿಯರೂ ಇದನ್ನು ಓದಬೇಕು — ಅವರೂ ನಕ್ಕವರೇ.

ಆಗ ನೀನು ಲಿಂಗಸುಗೂರಿನ ಕಾಲೇಜಿನಲ್ಲಿ ಪಿಯುಸಿ ಎರಡನೇ ವರ್ಷದಲ್ಲಿದ್ದೆ. ಖೋಖೋ ಆಡುತ್ತಿದ್ದೆ. ಆಡುತ್ತಿದ್ದೆ ಎಂದರೆ — ಉಣ್ಣುವ ಗಂಗಾಳ ಬಿಟ್ಟು ಎದ್ದು ಆಡುತ್ತಿದ್ದೆ. ನಮ್ಮ ಗುರುಗುಂಟಾದ ಮನೆಯ ಅಂಗಳದ ಹಂದರಗಂಬಕ್ಕೆ ದೂರದಿಂದ ಓಡಿಬಂದು ಹಾರಿ, ಅದನ್ನು ಹಿಡಿದು ಗಿರ್ರನೆ ತಿರುಗುತ್ತಿದ್ದೆ. ಕಂಬ ಅಲ್ಲಾಡಿ ಹಂದರದ ಸೊಪ್ಪು ನನ್ನ ತಲೆಯ ಮೇಲೆ ಉದುರುತ್ತಿತ್ತು. ಕಂಬ ಆಟದ್ದಲ್ಲ, ಹಂದರದ್ದು ಎಂದು ನಾನು ಬಯ್ಯುತ್ತಿದ್ದೆ. ನಿನಗೆ ಒಂದೇ ಗುರಿ ಇತ್ತು. ಹದಿನೆಂಟು ತುಂಬುವ ಮೊದಲು ಕಿರಿಯರ ರಾಜ್ಯ ತಂಡದ ಅಂಗಿ ಹಾಕಬೇಕು. ಅದು ಒಂದು ವಯಸ್ಸಿನ ಅಂಗಿ. ಆ ವಯಸ್ಸು ದಾಟಿದರೆ ಮತ್ತೆ ಯಾರೂ ಕೊಡುವುದಿಲ್ಲ ಎಂದು ನೀನೇ ನನಗೆ ಹೇಳಿದ್ದೆ. ಅದೇ ನಿನಗೆ ಕೊನೆಯ ವರ್ಷ. ಸಿಂಧನೂರಿಗೆ ಹೋಗಿ ಆಡಿ ತೋರಿಸಿ ಬಂದಿದ್ದೆ. ಹೆಸರು ಬಂದರೆ ಫೋನು ಮಾಡುತ್ತಾರೆ ಎಂದಿದ್ದೆ.

ಮನೆಯಲ್ಲಿ ಇದ್ದದ್ದು ಒಂದೇ ಗುಂಡಿ ಫೋನು. ಆ ದಿನ ನೀನು ಕಾಲೇಜಿಗೆ, ನಿಮ್ಮಪ್ಪ ನಿಮ್ಮವ್ವ ತೊಗರಿ ಹೊಲಕ್ಕೆ. ಫೋನು ಬಡಿದುಕೊಂಡಿತು. ಹೆಣ್ಣು ಧ್ವನಿ.

"ಹುಲಿಗೆಮ್ಮನ ಮನಿ ಹೌದಲ್ರೀ? ಸಿಂಧನೂರಾಗ ಕ್ಯಾಂಪ್ ಐತ್ರಿ, ಇಪ್ಪತ್ತು ದಿನ. ಊಟ, ವಸ್ತಿ ಎಲ್ಲಾ ನಮ್ದ. ಸೋಮವಾರ ಮುಂಜಾನಿ ಅಕಿನ್ನ ಕಳಸ್ರಿ."

ಈಗ ನಿನ್ನ ತಂಡದ ಬೇರೆ ಊರಿನ ಹುಡುಗಿಯರಿಗೆ ಒಂದು ಮಾತು. ನಮ್ಮ ಕಡೆ ಕ್ಯಾಂಪ್ ಎಂದರೆ ಮುದುಕರಿಗೆ ಒಂದೇ ಅರ್ಥ. ಕಾಲುವೆಗೆ ನೀರು ಬಂದ ಮೇಲೆ ಆಂಧ್ರದಿಂದ ಮಂದಿ ಬಂದು, ಭೂಮಿ ಕೊಂಡು, ಗದ್ದೆ ಮಾಡಿ, ಅಲ್ಲೇ ಮನೆ ಕಟ್ಟಿಕೊಂಡರಲ್ಲ — ಆ ಊರುಗಳಿಗೆ ಕ್ಯಾಂಪ್ ಎಂದು ಹೆಸರು. ನಾಟಿಯ ಕಾಲ ಬಂದರೆ ಒಣಭೂಮಿಯ ಊರುಗಳಿಂದ ಹೆಣ್ಣುಮಕ್ಕಳನ್ನು ಕ್ಯಾಂಪಿಗೆ ಕರೆದೊಯ್ಯುತ್ತಾರೆ. ಊಟ, ವಸ್ತಿ ಅವರದೇ. ಇಪ್ಪತ್ತು ದಿನ. ಸೋಮವಾರ ಮುಂಜಾನೆ ಗಾಡಿ. ಫೋನಿನ ಹೆಣ್ಣು ಹೇಳಿದ ಒಂದೊಂದು ಮಾತೂ ಕೂಲಿಗೆ ಮಂದಿ ಕರೆದೊಯ್ಯುವ ಮೇಸ್ತ್ರಿಯ ಮಾತೇ ಆಗಿತ್ತು. ಕಾಲವೂ ನಾಟಿಯದೇ. ನಿನ್ನ ಆಟದ ಫೋನು ಬರಬೇಕಿದ್ದದ್ದು ನನಗೆ ನೆನಪೇ ಆಗಲಿಲ್ಲ.

ನಾನು ಸುಮ್ಮನೆ ಫೋನು ಇಡುತ್ತಿದ್ದೆನೇನೋ. ಆದರೆ ಅವಳು ಮುಂದಿನ ಮಾತು ಹೇಳಿಬಿಟ್ಟಳು.

"ನಾನ ಕಣ್ಣಾರೆ ನೋಡೀನ್ರಿ. ನಿಮ್ಮ ಹುಡುಗೀದು ಸೊಂಟ ಭಾಳ ಚಲೋ ಬಗ್ಗತೈತಿ."

ನನ್ನ ಮೈಗೆ ಬೆಂಕಿ ಹತ್ತಿತು.

"ನಮ್ಮ ಮನಿ ಹುಡುಗಿ ನಿನ್ನ ಕ್ಯಾಂಪಿಗೆ ಬರಂಗಿಲ್ಲ. ಸೊಂಟ ಬೇಕಾದ್ರ ನಿನ್ನ ಸೊಂಟ ಬಗ್ಗಿಸು, ನೀನ ಇಳಿ ಕೆಸರಾಗ. ಮತ್ತ ಫೋನ್ ಮಾಡಿದ್ರ ಕಾಲಾಗಿನ ಕೆರ ತಗೋತೀನಿ."

ಇಷ್ಟೇ. ಇದರಲ್ಲಿ ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ. ನೀನು ಅಣಕಿಸುವಾಗ ಹಾಕುವ "ನಿನ್ನ ಹೆಣ ಎತ್ತಲಿ" ಎಂಬುದು ನಿನ್ನ ಸ್ವಂತದ್ದು. ನಾನು ಅಂದಿಲ್ಲ.

ಇಲ್ಲಿಯವರೆಗೆ ಆದದ್ದು ತಪ್ಪು ತಿಳುವಳಿಕೆ. ಅದಕ್ಕೆ ನಾನು ಯಾರ ಕಾಲಿಗೂ ಬೀಳುವುದಿಲ್ಲ. ನನ್ನ ಪಾಪ ಇದರ ಮುಂದಿನದು.

ಆ ಸೋಮವಾರ ತಂಗಿಯ ಮನೆಗೆಂದು ಮಸ್ಕಿಗೆ ಹೋದೆ. ಬಸ್ ಸ್ಟ್ಯಾಂಡಿನಲ್ಲಿ ನಿನ್ನದೇ ವಯಸ್ಸಿನ ಒಬ್ಬ ಹುಡುಗಿ, ಎರಡು ಜಡೆ, ಹೆಗಲಿಗೆ ಚೀಲ, ಸಿಂಧನೂರಿನ ಬಸ್ಸಿಗೆ ಕಾಯುತ್ತಿದ್ದಳು. ನನ್ನ ಬಾಯಿ ಸುಮ್ಮನಿರುತ್ತದೆಯೇ — ಎಲ್ಲಿಗೆ ಹೊರಟೆ ಎಂದೆ. ಕ್ಯಾಂಪಿಗೆ ಎಂದಳು. ಕೈ ನೋಡಿದರೆ ಪೆನ್ನು ಹಿಡಿದ ಕೈ, ಇವಳು ನಾಟಿ ಏನು ಹಚ್ಚುತ್ತಾಳೆ ಅನ್ನಿಸಿತು. ಇಷ್ಟು ಓದಿಸಿ ನಾಟಿಗೆ ಕಳಿಸುತ್ತಾನಲ್ಲ, ನಿಮ್ಮಪ್ಪನಿಗೆ ಬುದ್ಧಿ ಇಲ್ಲವೇ ಎಂದು ಕೇಳಿದೆ. ನನ್ನ ಧ್ವನಿ ನಿನಗೆ ಗೊತ್ತಲ್ಲ, ಆಚೆ ಬದಿಯ ಚಾದಂಗಡಿಗೂ ಕೇಳಿಸಿತು. ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಆ ಕ್ಯಾಂಪ್ ಅಲ್ಲಜ್ಜಿ, ಖೋಖೋ ಕ್ಯಾಂಪ್. ಆಟ ಕಲಿಸ್ತಾರ. ಅಲ್ಲಿಂದ ರಾಜ್ಯ ತಂಡಕ್ಕ ಆರಸ್ತಾರ. ಮೊದಲ ಪಟ್ಟಿಯಾಗ ನಂದು ಹೆಸರಿರಲಿಲ್ಲ. ಗುರುಗುಂಟಾದಾಕಿ ಒಬ್ಬಾಕಿ ಬರಂಗಿಲ್ಲ ಅಂದಳಂತ, ಅದಕ್ಕ ನನ್ನ ಕರದಾರ."

ಬಸ್ ಸ್ಟ್ಯಾಂಡಿನ ಮಂದಿಯೆಲ್ಲ ನಗಾಡುತ್ತಿದ್ದರು. ಒಬ್ಬ ಗಂಡಸು, ಅಜ್ಜಿಯನ್ನೂ ಕರೆದುಕೊಂಡು ಹೋಗು, ಕಂಬಕ್ಕೆ ಕಟ್ಟಿಹಾಕಿ ಆಡಿಸಿರಿ ಎಂದ.

ಹುಡುಗಿ ಒಳ್ಳೆಯವಳು. ನಗು ಮುಗಿಸಿ ನನ್ನ ಊರು ಯಾವುದು ಎಂದು ಕೇಳಿದಳು. ನಾನು — ಹುಲಿಗಿ, ನಾನು ಮುದಗಲ್ಲು ಎಂದೆ. ಬಾಯಿಗೆ ಬಂದ ಊರು ಹೇಳಿದೆ. ನಾಳೆಯವರೆಗೆ ಬಂದವರನ್ನು ಸೇರಿಸಿಕೊಳ್ಳುತ್ತಾರಂತೆ, ನಿಮ್ಮೂರಲ್ಲಿ ಆಡುವವರು ಇದ್ದರೆ ಕಳಿಸಿ ಎಂದು ಅವಳಾಗಿಯೇ ಹೇಳಿ ಬಸ್ಸು ಹತ್ತಿದಳು. ಕಿಟಕಿಯಿಂದ ಕೈ ಬೀಸಿದಳು.

ನಾಳೆಯವರೆಗೆ. ಅಂದರೆ ಒಂದು ಹಗಲು, ಒಂದು ರಾತ್ರಿ ನನ್ನ ಕೈಯಲ್ಲಿತ್ತು. ತಂಗಿಯ ಮನೆಗೆ ಹೋಗದೆ ಊರಿನ ಬಸ್ಸು ಹತ್ತಿದೆ. ಹೇಳಬೇಕೆಂದೇ ಹತ್ತಿದೆ. ಲಿಂಗಸುಗೂರು ಬರುವವರೆಗೂ ಹೇಳುವವಳಿದ್ದೆ. ಅಲ್ಲಿಂದ ಗುರುಗುಂಟಾಕ್ಕೆ ಬರುವಷ್ಟರಲ್ಲಿ —

ನೀನು ಬಾಗಿಲಲ್ಲೇ ನಿಂತಿದ್ದೆ. ಕಾಲೇಜಿನಲ್ಲಿ ಯಾರೋ ಎಲ್ಲರಿಗೂ ಫೋನು ಹೋಗಿದೆ ಎಂದಿದ್ದರು.

"ಅಜ್ಜಿ, ನಾ ಇಲ್ಲದಾಗ ಯಾರರ ಫೋನ್ ಮಾಡಿದ್ರೇನು?"

"ಇಲ್ಲ," ಎಂದೆ.

ಯಾಕೆ ಎಂದು ನೀನು ಕೇಳುತ್ತೀ. ನೀನು ದೂರ ಹೋಗುತ್ತೀ ಎಂಬ ಸಂಕಟದಿಂದಲ್ಲ. ಹೋಗಿದ್ದರೆ ಹಂದರ ಗಟ್ಟಿ ಉಳಿಯುತ್ತಿತ್ತು. ಆ ಎರಡು ಜಡೆಯವಳ ಜಾಗ ಹೋದೀತು ಎಂದೂ ಅಲ್ಲ. ಅಷ್ಟು ಒಳ್ಳೆಯವಳು ನಾನಲ್ಲ. ಹೇಳಿದರೆ, ಕೆಸರಿನ ಮಾತು ನಿನಗೆ ಎಲ್ಲಿಂದ ಬಂತು ಎಂದು ನೀವು ಕೇಳುತ್ತಿದ್ದಿರಿ. ಅದಕ್ಕೆ.

ನಿಮ್ಮ ಮನೆಗೆ ಸೊಸೆಯಾಗಿ ಬರುವ ಮೊದಲು ನಾನು ಏಳು ವರ್ಷ ನಾಟಿಗೆ ಹೋಗಿದ್ದೇನೆ. ದಢೇಸುಗೂರಿನ ಕಡೆಯ ಒಂದು ಕ್ಯಾಂಪು. ಮೊಣಕಾಲಿನವರೆಗೆ ಕೆಸರು, ಬದುವಿನ ಮೇಲೆ ನಿಂತವನ ಬಾಯಲ್ಲಿ ಒಂದೇ ಮಾತು, "ವಂಗು, ವಂಗು" — ಬಗ್ಗು, ಬಗ್ಗು ಎಂದು ತೆಲುಗಿನಲ್ಲಿ. ಯಾರ ಸೊಂಟ ಚೆನ್ನಾಗಿ ಬಗ್ಗುತ್ತದೆ ಎಂದು ಅವನು ಹೆಸರು ಹಿಡಿದು ಹೇಳುತ್ತಿದ್ದ, ಉಳಿದವರು ನಗುತ್ತಿದ್ದರು. ಮದುವೆಯ ಮಾತುಕತೆಯಲ್ಲಿ ನಮ್ಮಪ್ಪ, ನಮ್ಮ ಹುಡುಗಿ ಹೊಸ್ತಿಲು ದಾಟಿದವಳಲ್ಲ ಎಂದ. ಭೂಮಿ ಇದ್ದ ಮನೆ, ಎಲ್ಲಿ ಕೈತಪ್ಪುತ್ತದೋ ಎಂಬ ಹೆದರಿಕೆ. ಅದೇ ಮಾತನ್ನು ನಾನೂ ಹೊತ್ತುಕೊಂಡು ಬಂದೆ. ನಿಮ್ಮ ತಾತ ಸಾಯುವವರೆಗೂ ಹೇಳಲಿಲ್ಲ. ನಾನು ಎಂದೂ ಕೆಸರು ಕಾಣದವಳು, ಕೂಲಿಯವರಿಗೆ ಬುದ್ಧಿ ಹೇಳುವವಳು. ಓಣಿಯಲ್ಲಿ ಯಾರ ಮನೆಯ ಹೆಣ್ಣುಮಕ್ಕಳು ಕ್ಯಾಂಪಿಗೆ ಹೋದರೂ ನನ್ನ ನಾಲಿಗೆ ಸುಮ್ಮನಿರುತ್ತಿರಲಿಲ್ಲ. ಆ ನಾಲಿಗೆ ಉಳಿಸಿಕೊಳ್ಳಲು ನಿನ್ನ ಅಂಗಿ ಕಳೆದೆ.

ಆಮೇಲೆ ನೀನು ಮೈದಾನಕ್ಕೆ ಹೋಗುವುದನ್ನೇ ಬಿಟ್ಟೆ. ನನ್ನ ಕಾಲೇ ನಿಧಾನ, ಅದಕ್ಕೆ ಕರೆದಿಲ್ಲ ಎಂದು ನಿಮ್ಮವ್ವನಿಗೆ ಹೇಳಿದ್ದನ್ನು ಒಲೆಯ ಮುಂದೆ ಕೂತು ಕೇಳಿಸಿಕೊಂಡೆ. ಕೇಳಿಸಿಕೊಂಡು ರೊಟ್ಟಿ ತಿರುವಿ ಹಾಕಿದೆ. ಸಂಜೆಗೆ ಮಾಡಲು ಕೆಲಸವಿಲ್ಲದೆ ನೀನು ನನಗೆ ಅಕ್ಷರ ಕಲಿಸಲು ಕೂತೆ. "ಖ ಅಂದ್ರ ಖೋ, ಬಾಯಾಗ ಗಾಳಿ ಬಿಡಜ್ಜಿ" ಎನ್ನುತ್ತಿದ್ದೆ. ನಾನು ಕೊಕ್ಕೊ ಎನ್ನುತ್ತಿದ್ದೆ. ಕೋಳಿ ಕರೆದ ಹಾಗಾಯಿತು ಎಂದು ನೀನು ನಗುತ್ತಿದ್ದೆ. ಎಂಟು ತಿಂಗಳು ಕಲಿಸಿದೆ. ಈ ಅಕ್ಷರವೆಲ್ಲ ನಿನ್ನ ಆಟ ನಿಂತಿದ್ದ ಸಂಜೆಗಳವು.

ಡಿಗ್ರಿಗೆ ಸೇರಿದ ಮೇಲೆ ನಿನ್ನ ಕಾಲು ಸುಮ್ಮನಿರಲಿಲ್ಲ, ಮತ್ತೆ ಸಿಂಧನೂರಿಗೆ ಓಡಿದವು. ಅಲ್ಲಿ ಅವತ್ತು ಫೋನು ಮಾಡಿದ್ದ ಮೇಡಂ ನಿನ್ನನ್ನು ಕಂಡು, ನಿಮ್ಮ ಅಜ್ಜಿ ನನಗೆ ಕೆಸರಿಗೆ ಇಳಿ, ಕೆರ ತೋರಿಸುತ್ತೇನೆ ಎಂದಿದ್ದರು, ಈಗ ಬಿಟ್ಟರೇ ಎಂದು ಕೇಳಿದರಂತೆ. ನೀನು ನನ್ನ ಪರವಾಗಿ ಜಗಳವಾಡಿದೆ. ಮನೆಗೆ ಬಂದು ಅದನ್ನೆಲ್ಲ ಕುಣಿದು ತೋರಿಸಿದೆ.

"ನಮ್ಮೂರಾಗ ಕೆಸರು ಎಲ್ಲೈತ್ರೀ ಮೇಡಂ? ನಮ್ಮಜ್ಜಿ ಹುಟ್ಟಿದಾಗಿಂದ ಗದ್ದಿ ನೋಡಿಲ್ಲ. ಅದ್ಯಾವಾಕಿನೋ ಗೊರೇಬಾಳದ ಗದ್ದಿ ಕಡೆ ಮುದುಕಿ. ಈ ಸೀಮ್ಯಾಗ ಹುಲಿಗೆಮ್ಮ ಇಲ್ಲದ ಓಣಿ ಐತೇನು? ನಿಮಗ ರಾಂಗ್ ನಂಬರ್ ಹತ್ತೇತಿ."

ನೀನು ಬರೆದುಕೊಟ್ಟ ನಂಬರಿನಲ್ಲಿ ಒಂದೂ ಏಳೂ ಒಂದೇ ತರಹ ಕಾಣುತ್ತಿತ್ತಂತೆ, ಮೇಡಂ ಕೂಡ ಒಪ್ಪಿಬಿಟ್ಟರು. ನಿಮ್ಮಪ್ಪ ನಕ್ಕ. ನಿಮ್ಮವ್ವ ಸೆರಗು ಬಾಯಿಗಿಟ್ಟು ನಕ್ಕಳು. ನೀನು ನನ್ನನ್ನು ನೋಡಿ, ಅಜ್ಜಿ, ಎಂಥಾ ಮುದುಕಿ ಇರಬೇಕು ಎಂದೆ. ನಾನು, ಅಂಥವಳ ಬಾಯಿಗೆ ಬರೆ ಎಳೆಯಬೇಕು ಎಂದೆ. ಎಲ್ಲರಿಗಿಂತ ಜೋರಾಗಿ ನಕ್ಕೆ. ಆಗಲೂ ಹೇಳಬಹುದಿತ್ತು. ಹೇಳಲಿಲ್ಲ. ಆ ಮುದುಕಿಯನ್ನು ನಮ್ಮ ಮನೆಯಲ್ಲಿ ಎಲ್ಲರೂ ಎಷ್ಟು ಪ್ರೀತಿಸಿದಿರಿ ಎಂದರೆ, ಒಮ್ಮೊಮ್ಮೆ ನನಗೂ ಅವಳು ಬೇರೆಯವಳೇ ಅನ್ನಿಸುತ್ತಿತ್ತು.

ಈಗ ನೀನು ಆಟದ ಮೇಲೇ ನೌಕರಿ ಹಿಡಿದಿದ್ದೀ. ದೊಡ್ಡವರ ತಂಡದಲ್ಲಿ ಆಡುತ್ತೀ. ಊರು ಊರು ತಿರುಗುತ್ತೀ, ಬಂದಾಗ ನನ್ನ ಕಾಲಿಗೆ ಯಾವುದೋ ಆಟಗಾರರ ಎಣ್ಣೆ ತಿಕ್ಕುತ್ತೀ. ನಿನ್ನನ್ನು ನೋಡಿದರೆ ನನಗೆ ಬಹಳ ಹಿಗ್ಗು. ಆದರೆ ಹೇಗೂ ಎಲ್ಲ ಒಳ್ಳೆಯದೇ ಆಯಿತಲ್ಲ ಎಂದು ನಾನು ಬರೆಯುವುದಿಲ್ಲ. ಆದದ್ದು ನಿನ್ನ ಕಾಲಿನಿಂದ, ನನ್ನಿಂದಲ್ಲ. ಹೋದ ತಿಂಗಳು ಬಂದಾಗ ಗೋಡೆಗೆ ನಿನ್ನ ಅಂಗಿಗಳನ್ನು ಸಾಲಾಗಿ ತೂಗುಹಾಕಿದೆ — ಕಾಲೇಜಿನದು, ವಿಶ್ವವಿದ್ಯಾಲಯದ್ದು, ನೌಕರಿಯ ತಂಡದ್ದು. ಕಿರಿಯರದೊಂದು ಇಲ್ಲ ನೋಡು ಅಜ್ಜಿ, ಆ ವಯಸ್ಸಿಗೆ ನನ್ನ ಕಾಲು ಇನ್ನೂ ತಯಾರಾಗಿರಲಿಲ್ಲ ಎಂದೆ. ನಗುತ್ತಲೇ ಅಂದೆ. ಫೋನು ತಪ್ಪಿದ್ದು ಗೊತ್ತಿದ್ದೂ ನಿನ್ನ ಒಳಗೆ ಆ ಮಾತು ಹಾಗೇ ಉಳಿದಿದೆ. ಅವತ್ತಿನಿಂದ ನನಗೆ ಅನ್ನ ಇಳಿಯಲಿಲ್ಲ ಎಂದರೆ ಸುಳ್ಳು, ಅನ್ನ ಇಳಿಯಿತು. ಆದರೆ ಮಾರನೆಯ ದಿನವೇ ಹಾಳೆ ತರಿಸಿದೆ.

ಆದ್ದರಿಂದ ಇದನ್ನು ಸರಿಯಾಗಿ ಓದು, ಎರಡು ಸಲ ಓದು. ಆ ವರ್ಷ ನಿನ್ನ ಕಾಲು ತಯಾರಿದ್ದವು. ನಿನ್ನ ಹೆಸರು ಮೊದಲ ಪಟ್ಟಿಯಲ್ಲೇ ಇತ್ತು. ನಿನ್ನನ್ನು ಕಣ್ಣಾರೆ ನೋಡಿದ್ದೇನೆ ಎಂದು ಮೇಡಂ ನನಗೆ ಹೇಳಿದ್ದರು, ಈ ಕಿವಿಯಿಂದ ಕೇಳಿದ್ದೇನೆ. ನಿನ್ನಲ್ಲಿ ಏನೂ ಕಡಿಮೆ ಇರಲಿಲ್ಲ.

ನೀನು ಭಾನುವಾರ ಸಿಂಧನೂರಿಗೆ ಆಟ ತೋರಿಸಲು ಬರುತ್ತೀಯಂತೆ, ಮೇಡಂ ಕೂಡ ಬರುತ್ತಾರಂತೆ. ಈ ಹಾಳೆಗಳನ್ನು ಶನಿವಾರವೇ ನಿನ್ನ ಕೈಗೆ ಕೊಡುತ್ತೇನೆ. ಓದಿ ನನ್ನ ಜೊತೆ ಮಾತು ಬಿಟ್ಟರೆ ಬಿಡು, ನಾನು ಕೇಳುವುದಿಲ್ಲ. ಮೈದಾನಕ್ಕೆ ಮಾತ್ರ ನಾನು ಬರುತ್ತೇನೆ. ಎಲ್ಲರೂ ಕೂತಿರುವಾಗ ಮೇಡಂ ಎದುರು ನಿಂತು, ಅವತ್ತು ಮಾತಾಡಿದವಳು ನಾನು, ಏಳು ವರ್ಷ ನಾಟಿ ಹಚ್ಚಿದವಳು ಎಂದು ನನ್ನ ಬಾಯಿಂದಲೇ ಹೇಳುತ್ತೇನೆ. ನೀನು ಕರೆದುಕೊಂಡು ಹೋಗುವುದಿಲ್ಲ ಎಂದರೆ ಪರವಾಗಿಲ್ಲ. ಬಸ್ಸಿನ ಬೋರ್ಡು ಈಗ ನಾನೇ ಓದುತ್ತೇನೆ.