ಕುತ್ತಿಗೆಯಲ್ಲೇ ಉಳಿದ ಕೀಲಿ

ಫ್ರೈಬೆರ್ಗಿನ ಬೆಳ್ಳಿಗಣಿಯವರಾದ ನಾವು ಶನಿವಾರ ಕೂಲಿ ಕೈಗೆ ಬಂದೊಡನೆ ಒಂದು ಫೆನಿಗ್ ಕಾಸನ್ನು ಕಬ್ಬಿಣದ ಡಬ್ಬಿಗೆ ಹಾಕುತ್ತೇವೆ. ಅದರಿಂದಲೇ ಆ ಕಾಸಿಗೆ ಬ್ಯುಕ್ಸೆನ್‌ಫೆನಿಗ್, ಅಂದರೆ ಡಬ್ಬಿಕಾಸು, ಎಂಬ ಹೆಸರು ಬಿತ್ತು. ಕೈಕಾಲು ಮುರಿದವನ ಔಷಧಿಗೆ, ಸತ್ತವನ ಮಣ್ಣಿಗೆ, ವಿಧವೆಯ ರೊಟ್ಟಿಗೆ ಅದೇ ಗತಿ. ಈಗ ದೊಡ್ಡ ಮನುಷ್ಯರೆಲ್ಲ ಆ ಹೆಸರನ್ನು ಕಾನೂನಿನ ಪುಸ್ತಕದಲ್ಲಿ ಬರೆದು ಮೆರೆಯುತ್ತಾರೆ. ನನಗೆ ಮಾತ್ರ ಅದು ಕಿವಿಗೆ ಬಿದ್ದರೆ ಅಪೊಲೋನಿಯಾಳ ಮುಖ ನೆನಪಾಗುತ್ತದೆ.

ಡಬ್ಬಿಗೆ ಮೂರು ಬೀಗ, ಮೂವರ ಬಳಿ ಕೀಲಿ. ಅವರಲ್ಲಿ ಅವಳ ಗಂಡ ಮಾಥೆಸ್ ಒಬ್ಬ. ಕೀಲಿಯನ್ನು ಮನೆಯಲ್ಲಿ ಬಿಟ್ಟೇ ಗಣಿಗೆ ಇಳಿಯಬೇಕೆಂಬುದು ಕಟ್ಟಳೆ. ಆ ಸೋಮವಾರ ಆ ಮರೆಗುಳಿ ಅದನ್ನು ಕುತ್ತಿಗೆಯಲ್ಲೇ ನೇತುಹಾಕಿಕೊಂಡು ಇಳಿದ. ಮಧ್ಯಾಹ್ನ ಸುರಂಗದ ಛಾವಣಿ ಕುಸಿಯಿತು. ಕಾಲು ಜಜ್ಜಿಹೋದ ನನ್ನನ್ನು ಹೊರಗೆಳೆದರು. ಮಾಥೆಸ್ ಒಳಗೇ ಉಳಿದ; ಅವನಿಗಾಗಿ ಅಗೆಯತೊಡಗಿದರು.

ಮರುದಿನಕ್ಕೆ ನನ್ನ ಕಾಲು ಕಪ್ಪಾಯಿತು; ಕತ್ತರಿಸದಿದ್ದರೆ ಸಾವೇ. ಆ ಕೆಲಸ ಮಾಡುವ ನಮ್ಮೂರ ಹಜಾಮ, ಹಾಳಾದವನು, ಮುಂಗಡವಿಲ್ಲದೆ ಗರಗಸ ಮುಟ್ಟುವವನಲ್ಲ. ಡಬ್ಬಿ ತೆರೆಯಲು ಮೂರನೆಯ ಕೀಲಿ ಇಲ್ಲ. ಬೀಗ ಒಡೆಯಬೇಕಾದರೆ ಕೀಲಿಯವನು ಸತ್ತನೆಂದು ಅವನ ಮನೆಯವರೇ ಹೇಳಬೇಕೆಂಬುದೂ ಕಟ್ಟಳೆ.

ಡಬ್ಬಿ ನೋಡಿಕೊಳ್ಳುತ್ತಿದ್ದ ಹಿರಿಯ ಯೋಬ್ಸ್ಟ್ ಅಪೊಲೋನಿಯಾಳನ್ನು ಕರೆಸಿ ನನ್ನತ್ತ ಕೈ ತೋರಿಸಿದ. "ಹೇಳಮ್ಮ. ಕಾಸ್ಪರ್ ಉಳಿಯೋದು ನಿನ್ನ ಬಾಯಲ್ಲಿದೆ."

ಅವಳು ಗಣಿಯ ಮೇಸ್ತ್ರಿಯ ಕಡೆ ತಿರುಗಿದಳು. "ಸತ್ತ ಅಂದ್ರೆ ಅಗೆಯೋದು ನಿಲ್ಲಿಸ್ತೀರಾ?"

"ಸತ್ತೋನಿಗೋಸ್ಕರ ಯಾರಮ್ಮ ಅಗೀತಾರೆ? ನಾಳೆಯಿಂದ ಬೆಳ್ಳಿ ಕೆಲಸ," ಎಂದ ಮೇಸ್ತ್ರಿ.

ನಾನು ಅಲ್ಲೇ ಹಲಗೆಯ ಮೇಲೆ ಮಲಗಿ ಎಲ್ಲ ಕೇಳುತ್ತಿದ್ದೆ. ಬೇಡ ಅತ್ತಿಗೆ, ಹೇಳಬೇಡ ಅನ್ನಬೇಕಿತ್ತು. ಸಾವಿನ ಭಯಕ್ಕೆ ನಾಲಿಗೆ ಏಳಲಿಲ್ಲ. ಆ ನಾಚಿಕೆ ಇವತ್ತಿಗೂ ಇದೆ.

ಅವಳು ನನ್ನ ಕಾಲನ್ನೇ ನೋಡಿದಳು. "ಸತ್ತ. ಒಡೀರಿ."

ಬೀಗ ಒಡೆಯಿತು. ವಿಧವೆಯ ಪಾಲೆಂದು ಯೋಬ್ಸ್ಟ್ ಕಾಸು ಮುಂದೆ ಹಿಡಿದ. ಅವಳು ಕೈ ಹಿಂದೆಳೆದುಕೊಂಡಳು.

"ಮಣ್ಣು ಮಾಡೋ ಖರ್ಚೂ ಈ ಡಬ್ಬಿದೇ ಅಲ್ವಾ, ಯಜಮಾನ್ರೇ?"

"ಹೌದು."

"ಮತ್ತೆ ಹೆಣ ಎಲ್ಲಿ? ತಂದ್ಕೊಡಿ. ಅಗೀರಿ!"

ಮೇಸ್ತ್ರಿ ಹಲ್ಲು ಕಡಿದ. ಕಟ್ಟಳೆ ಕಟ್ಟಳೆಯೇ. ಹೆಣಕ್ಕಾಗಿ ಅಗೆದರು. ಗುರುವಾರ ಕಲ್ಲಿನಾಚೆಯಿಂದ ಸುತ್ತಿಗೆಯ ಸದ್ದು ಕೇಳಿಸಿತು. ಮಾಥೆಸ್ ಜೀವದಿಂದ ಹೊರಬಂದ. ಕೀಲಿ ಕುತ್ತಿಗೆಯಲ್ಲೇ ಇತ್ತು.

ನಾನು ಒಂಟಿಕಾಲಿನಲ್ಲಿ ಮೂವತ್ತು ವರ್ಷ ಅವರ ಎದುರು ಮನೆಯಲ್ಲಿದ್ದೆ. ಬಾಯಾರೆ ಗಂಡನನ್ನು ಸತ್ತನೆಂದವಳಿಗೆ, ಮತ್ತೊಮ್ಮೆ ಹಾಗೆ ಹೇಳಬೇಕಾದೀತೆಂಬ ಭಯ ಬಿಡಲೇ ಇಲ್ಲ. ಅವನು ಗಣಿಗೆ ಹೊರಟ ಪ್ರತಿ ಬೆಳಿಗ್ಗೆ ಬಾಗಿಲಲ್ಲಿ ತಡೆದು, ಕೀಲಿ ಇಲ್ಲವೆಂದು ಅವನ ಕುತ್ತಿಗೆ ತಡವಿ ನೋಡಿಯೇ ಕಳುಹಿಸುತ್ತಿದ್ದಳು.